ಎಕ್ಸ್-26: ಆರು ಎಲುಬು, ಒಂದು ತೇಲುದೋಣಿ, 26 ವರ್ಷ

1972ರ ಅಕ್ಟೋಬರ್ ಕೊನೆಯಲ್ಲಿ ದಕ್ಷಿಣ ವಿಯೆಟ್ನಾಮ್ ಸೇನೆಯ ಗಸ್ತು ತಂಡವೊಂದು ಆನ್ ಲೊಕ್ ಪಟ್ಟಣದ ಬಳಿ ವಿಮಾನ ಬಿದ್ದಿದ್ದ ಜಾಗದಿಂದ ಇಷ್ಟನ್ನು ಹೆಕ್ಕಿ ತಂದಿತು: ನಾಲ್ಕು ಪಕ್ಕೆಲುಬು, ಒಂದು ಮೇಲ್ತೋಳಿನ ಮೂಳೆ, ಸೊಂಟದ ಮೂಳೆಯ ಒಂದು ಭಾಗ. ಇವುಗಳ ಜತೆ ಹಾರಾಟದ ಉಡುಪಿನ ಚಿಂದಿ, ಪ್ಯಾರಾಚೂಟಿನ ತುಂಡು, ಪಿಸ್ತೂಲಿನ ಚೀಲ, ಒಬ್ಬರೇ ಕೂರಬಹುದಾದ ಗಾಳಿ ತುಂಬುವ ತೇಲುದೋಣಿ, ಸ್ವಲ್ಪ ಹಣ ಮತ್ತು ಮೈಕಲ್ ಜೆ. ಬ್ಲಾಸಿ ಎಂಬ ಹೆಸರಿದ್ದ ಗುರುತಿನ ಚೀಟಿ.

ಇವಿಷ್ಟೂ ಒಂದೇ ಚೀಲದಲ್ಲಿ, ಒಂದೇ ಪಟ್ಟಿಯೊಂದಿಗೆ ಸೈಗಾನ್ ಸೇರಿದ್ದರೆ ಈ ಪ್ರಕರಣವನ್ನು ಯಾರೂ ಅಧ್ಯಯನ ಮಾಡಬೇಕಾಗಿರಲಿಲ್ಲ. ಆದರೆ ದಾರಿಯಲ್ಲೇ ಚೀಟಿ ಕಳೆಯಿತು. ಎಂಟು ವರ್ಷದ ನಂತರ ಕಡತದಿಂದ ಹೆಸರೂ ಹೋಯಿತು. ಹನ್ನೆರಡನೆಯ ವರ್ಷ ಆ ಆರು ಎಲುಬು ಅಮೆರಿಕದ ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ವಿಯೆಟ್ನಾಮ್ ಯುದ್ಧದ ‘ಅನಾಮಿಕ ಯೋಧ’ನ (ಗುರುತು ಸಿಗದ ಎಲ್ಲ ಯೋಧರ ಪರವಾಗಿ ಗೌರವ ಪಡೆಯುವ ಒಬ್ಬನ) ಅವಶೇಷವೆಂದು ಸಕಲ ಮರ್ಯಾದೆಯೊಂದಿಗೆ ಮಣ್ಣಾದವು. ಅವು ಬ್ಲಾಸಿ ಅವರವೇ ಎಂದು ಖಚಿತವಾದದ್ದು 1998ರಲ್ಲಿ. ನಡುವೆ ಏನಾಯಿತು ಎಂಬುದನ್ನು ಹಂತ ಹಂತವಾಗಿ ನೋಡಿದರೆ, ಕಾಣೆಯಾದ ವಿಮಾನ ಸಿಬ್ಬಂದಿಯ ಅವಶೇಷಗಳನ್ನು ಸರಕಾರಿ ವ್ಯವಸ್ಥೆ ಎಲ್ಲೆಲ್ಲಿ ಕೈಬಿಡಬಹುದು ಎಂಬುದು ಸ್ಪಷ್ಟವಾಗುತ್ತದೆ. ಇಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು ವಿಜ್ಞಾನದ್ದಲ್ಲ. ಎಲುಬನ್ನೂ ಅದರ ಜತೆ ಸಿಕ್ಕ ವಸ್ತುಗಳನ್ನೂ ಬೇರೆ ಬೇರೆಯಾಗಿ ಓದಿದ್ದು.

ಬಿದ್ದದ್ದು, ಸಿಕ್ಕದ್ದು

ಬ್ಲಾಸಿ ಅಮೆರಿಕ ವಾಯುಪಡೆಯ ಫಸ್ಟ್ ಲೆಫ್ಟಿನೆಂಟ್, ಸೇಂಟ್ ಲೂಯಿಸ್ ನಗರದವರು, 1970ರಲ್ಲಿ ವಾಯುಪಡೆ ಅಕಾಡೆಮಿಯಿಂದ ಹೊರಬಂದವರು. 1972ರ ಮೇ 11ರಂದು ಅವರು ಎ-37 ಡ್ರಾಗನ್‌ಫ್ಲೈ ವಿಮಾನವನ್ನು ಒಬ್ಬರೇ ಹಾರಿಸುತ್ತಿದ್ದರು. ಆಗ ಉತ್ತರ ವಿಯೆಟ್ನಾಮಿನ ಪಡೆಗಳು ಆನ್ ಲೊಕ್ ಪಟ್ಟಣಕ್ಕೆ ಮುತ್ತಿಗೆ ಹಾಕಿದ್ದವು. ನೆಲದಿಂದ ಹಾರಿದ ಗುಂಡು ತಗುಲಿ ವಿಮಾನ ಬಿತ್ತು. ಆಗ ಅವರಿಗೆ 24 ವರ್ಷ. ಶತ್ರುವಿನ ಹಿಡಿತದಲ್ಲಿದ್ದ ಜಾಗವಾದ್ದರಿಂದ ಶವ ತರಲಾಗಲಿಲ್ಲ. ಕಡತದಲ್ಲಿ ಅವರ ಸ್ಥಿತಿ ‘ಯುದ್ಧದಲ್ಲಿ ಮಡಿದವರು, ಶವ ಸಿಕ್ಕಿಲ್ಲ’ ಎಂದು ದಾಖಲಾಯಿತು.

ಈ ಪದಪುಂಜಕ್ಕೆ ಆಡಳಿತದಲ್ಲಿ ತನ್ನದೇ ತೂಕವಿದೆ. ‘ಕಾಣೆ’ ಎಂದಿದ್ದರೆ ಬದುಕಿರುವ ಸಾಧ್ಯತೆಯನ್ನು ಇಟ್ಟುಕೊಂಡೇ ಹುಡುಕಬೇಕು, ನಿಗದಿತ ಅವಧಿಯಲ್ಲಿ ಮರುಪರಿಶೀಲಿಸಬೇಕು. ‘ಮಡಿದವರು, ಶವ ಸಿಕ್ಕಿಲ್ಲ’ ಎಂದಾದರೆ ಸಾವಿನ ಪ್ರಶ್ನೆ ಮುಗಿದಿರುತ್ತದೆ, ಉಳಿಯುವುದು ಅವಶೇಷದ ಪ್ರಶ್ನೆ ಮಾತ್ರ. ಹಾಗಾಗಿ ಇಂಥ ಕಡತಗಳಿಗೆ ತುರ್ತು ಕಡಿಮೆ. ಕುಟುಂಬವೂ ಸಾವನ್ನು ಒಪ್ಪಿಕೊಂಡಿರುವುದರಿಂದ ಮೇಲಿಂದ ಮೇಲೆ ಕೇಳುವವರು ಇರುವುದಿಲ್ಲ.

ಅವಶೇಷ ಸಿಕ್ಕಿದ್ದು ಸುಮಾರು ಐದೂವರೆ ತಿಂಗಳ ನಂತರ. ಕಾವಿನ, ತೇವದ ಕಾಡುನೆಲದಲ್ಲಿ ಮೆತ್ತನೆಯ ಅಂಗಾಂಶ ಅಳಿಯಲು ಅಷ್ಟು ಕಾಲ ಬೇಕಿಲ್ಲ. ಪ್ರಾಣಿಗಳು ಎಳೆದಾಡುತ್ತವೆ, ಮಳೆನೀರು ಸಣ್ಣ ಎಲುಬುಗಳನ್ನು ಕೊಚ್ಚಿಕೊಂಡು ಹೋಗುತ್ತದೆ. ವಯಸ್ಕನ ದೇಹದಲ್ಲಿರುವ 206 ಎಲುಬಿನಲ್ಲಿ ಸಿಕ್ಕಿದ್ದು ಆರು. ಹಲ್ಲೂ ಇರಲಿಲ್ಲ, ದವಡೆಯೂ ಇರಲಿಲ್ಲ. ಡಿಎನ್‌ಎ ಪರೀಕ್ಷೆ ಇಲ್ಲದ ಆ ಕಾಲದಲ್ಲಿ ಗುರುತಿನ ಕೆಲಸ ನಿಂತಿದ್ದುದೇ ಹಲ್ಲಿನ ದಾಖಲೆಯ ಮೇಲೆ. ಹಲ್ಲು ತುಂಬಿಸಿದ ಗುರುತು, ಕಿತ್ತ ಹಲ್ಲು, ಎಕ್ಸ್-ರೇ ಇವನ್ನು ಸೇನೆಯ ದಂತ ಕಡತದೊಂದಿಗೆ ತಾಳೆ ನೋಡಿದರೆ ಹೆಚ್ಚಿನ ಪ್ರಕರಣ ಮುಗಿಯುತ್ತಿದ್ದವು. ಈ ಪ್ರಕರಣದಲ್ಲಿ ಆ ದಾರಿ ಮೊದಲೇ ಮುಚ್ಚಿತ್ತು. ಹಾಗಾಗಿ ಜತೆಗೆ ಸಿಕ್ಕ ವಸ್ತುಗಳ ಬೆಲೆ ಇನ್ನೂ ಹೆಚ್ಚಾಗಬೇಕಿತ್ತು.

ಸೈಗಾನಿನ ಶವಾಗಾರ

ಗಸ್ತು ತಂಡದ ಕೈಯಿಂದ ಟಾನ್ ಸನ್ ನ್ಯೂಟ್ ವಾಯುನೆಲೆಯಲ್ಲಿದ್ದ ಅಮೆರಿಕದ ಸೇನಾ ಶವಾಗಾರ ತಲುಪುವಷ್ಟರಲ್ಲಿ ಗುರುತಿನ ಚೀಟಿಯೂ ಹಣವೂ ಕಾಣೆಯಾಗಿದ್ದವು. ಚೀಟಿಯನ್ನು ಕಣ್ಣಾರೆ ಕಂಡವರಿದ್ದರು. ಆದರೆ ಅವರು ಕಂಡದ್ದು ಅವಶೇಷದ ಜತೆ ಸಾಗುವ ಕಾಗದಕ್ಕೆ ಇಳಿಯಲಿಲ್ಲ.

ಪೊಲೀಸ್ ಮಹಜರು ಬರೆದವರಿಗೆ ಇದು ಎಷ್ಟು ದೊಡ್ಡ ಲೋಪ ಎಂದು ಹೇಳಬೇಕಾಗಿಲ್ಲ. ಸಿಕ್ಕ ಜಾಗದಲ್ಲೇ ಪಟ್ಟಿಯಾಗಬೇಕು. ಪ್ರತಿ ವಸ್ತುವಿಗೆ ಸಂಖ್ಯೆ, ಸಿಕ್ಕ ಬಿಂದು, ನಕ್ಷೆಯ ಚೌಕದ ಸಂಖ್ಯೆ, ಕೊಟ್ಟವರ ಸಹಿ, ಪಡೆದವರ ಸಹಿ ಇರಬೇಕು. ಹೆಸರಿರುವ ವಸ್ತುವಿನ ಫೋಟೊ ಅಲ್ಲೇ ತೆಗೆಯಬೇಕು. ಆಗ ಚೀಟಿ ಕಳೆದರೂ ಚೀಟಿ ಇತ್ತು ಎಂಬ ಸಂಗತಿ ಕಳೆಯುವುದಿಲ್ಲ. ಯುದ್ಧದ ನಡುವೆ, ಬೇರೆ ದೇಶದ ಸೈನಿಕರು ಹೆಕ್ಕಿ ಬೇರೆ ದೇಶದ ಅಧಿಕಾರಿಗೆ ಒಪ್ಪಿಸುವಾಗ ಇಷ್ಟೆಲ್ಲ ಆಗುವುದು ಕಷ್ಟ, ನಿಜ. ಆದರೆ ಒಂದು ಹಾಳೆಯ ಪಟ್ಟಿ ಸಾಕಿತ್ತು.

ಶವಾಗಾರದವರು ಆಗಲೂ ಎಡವಿರಲಿಲ್ಲ. ಸಿಕ್ಕ ಜಾಗ ಮತ್ತು ಬಾಯಿಮಾತಿನ ವರದಿಯನ್ನು ನಂಬಿ ‘ಬ್ಲಾಸಿ ಅವರದೆಂದು ನಂಬಲಾಗಿದೆ’ ಎಂದು ಪೆಟ್ಟಿಗೆಯ ಮೇಲೆ ಬರೆದರು. ಇದು ಖಚಿತ ಗುರುತಲ್ಲ, ತಾತ್ಕಾಲಿಕ ಹೆಸರು. ಸರಿಯಾದ ಕ್ರಮವೇ. ತಪ್ಪಾದದ್ದು ಇದರ ನಂತರ: ಮಗ ಬಿದ್ದ ಜಾಗದಲ್ಲಿ ಎಲುಬು ಸಿಕ್ಕಿವೆ, ಅವಕ್ಕೆ ಮಗನ ಹೆಸರು ಅಂಟಿಸಿದ್ದೇವೆ ಎಂದು ಮನೆಯವರಿಗೆ ಯಾರೂ ತಿಳಿಸಲಿಲ್ಲ. ಖಚಿತವಾಗದೆ ಹೇಳಿ ನೋಯಿಸಬಾರದು ಎಂಬುದು ಇಂಥ ಸಂದರ್ಭದಲ್ಲಿ ಅಧಿಕಾರಿಗಳು ಕೊಡುವ ಕಾರಣ. ಕಾರಣದಲ್ಲಿ ಕರುಣೆ ಇದ್ದರೂ ಇರಬಹುದು. ಆದರೆ ತಿಳಿಯದವರು ಕೇಳಲಾರರು, ಕೇಳುವವರಿಲ್ಲದ ಕಡತವನ್ನು ಯಾರು ಬೇಕಾದರೂ ತಿದ್ದಬಹುದು.

ಮೇಜಿನ ಮೇಲಿನ ಅಂಕಿಗಳು

1973ರಲ್ಲಿ ಅಮೆರಿಕದ ಪಡೆಗಳು ಹಿಂದೆ ಸರಿದಾಗ ಗುರುತು ಪ್ರಯೋಗಾಲಯ ಸೈಗಾನಿನಿಂದ ಥಾಯ್ಲೆಂಡಿಗೆ ಹೋಯಿತು, 1976ರಲ್ಲಿ ಹವಾಯಿಗೆ. ಪೆಟ್ಟಿಗೆಯೂ ಜತೆಗೇ ಸಾಗಿತು. 1978ರಲ್ಲಿ ಅಲ್ಲಿನ ಮಾನವಶಾಸ್ತ್ರಜ್ಞರು ಆರೂ ಎಲುಬನ್ನು ಅಳೆದು, ಇದು ಬ್ಲಾಸಿಗಿಂತ ವಯಸ್ಸಾದ, ಬ್ಲಾಸಿಗಿಂತ ಗಿಡ್ಡ ವ್ಯಕ್ತಿಯ ದೇಹ ಎಂದರು. ಉಡುಪಿಗೆ ಅಂಟಿದ್ದ ಕೂದಲಿನಿಂದ ತೆಗೆದ ರಕ್ತದ ಗುಂಪೂ ತಾಳೆಯಾಗಲಿಲ್ಲ. ಅದೇ ದಿನ ಅದೇ ಪ್ರದೇಶದಲ್ಲಿ ಬಿದ್ದ ಕೋಬ್ರಾ ಹೆಲಿಕಾಪ್ಟರಿನ ಪೈಲಟ್ ಒಬ್ಬರಿಗೆ ಈ ಅಂಕಿಗಳು ಹೆಚ್ಚು ಹೊಂದುತ್ತಿದ್ದವು.

ಅಂಕಿಗಳು ಎಷ್ಟು ಅಲುಗಾಡುತ್ತವೆ ಎಂಬುದನ್ನು ಇಲ್ಲಿ ಬಿಡಿಸಿ ನೋಡಬೇಕು. ಎಲ್ಲ ಕೆಟ್ಟುಹೋದದ್ದು ಇಲ್ಲೇ.

ಎತ್ತರವನ್ನು ಉದ್ದನೆಯ ಎಲುಬಿನಿಂದ ಲೆಕ್ಕ ಹಾಕುತ್ತಾರೆ. ಅಮೆರಿಕದ ಸೇನಾ ಅವಶೇಷಗಳಿಗೆ ಬಳಕೆಯಲ್ಲಿದ್ದ ಟ್ರಾಟರ್ ಮತ್ತು ಗ್ಲೆಸರ್ ಸೂತ್ರದ ಪ್ರಕಾರ, ಬಿಳಿಯ ಪುರುಷನ ಮೇಲ್ತೋಳಿನ ಮೂಳೆಯ ಉದ್ದವನ್ನು 3.08ರಿಂದ ಗುಣಿಸಿ 70.45 ಸೇರಿಸಿದರೆ ಎತ್ತರ ಸೆಂಟಿಮೀಟರಿನಲ್ಲಿ ಸಿಗುತ್ತದೆ. ಸೂತ್ರದ ಜತೆಗೇ ಬರುವ ಪ್ರಮಾಣಿತ ದೋಷ 4.05 ಸೆಂ.ಮೀ. ಉದಾಹರಣೆಗೆ 33 ಸೆಂ.ಮೀ. ಉದ್ದದ ಮೂಳೆ ಎಂದಿಟ್ಟುಕೊಂಡರೆ ಎತ್ತರ ಸುಮಾರು 172 ಸೆಂ.ಮೀ. ಆದರೆ ನೂರಕ್ಕೆ 95ರಷ್ಟು ಭರವಸೆ ಬೇಕಾದರೆ ದೋಷವನ್ನು ಇಮ್ಮಡಿ ಮಾಡಬೇಕು. ಆಗ ವ್ಯಾಪ್ತಿ 164ರಿಂದ 180. ಅಂದರೆ ಒಂದೇ ಮೂಳೆ ಗಿಡ್ಡನಿಗೂ ಹೊಂದುತ್ತದೆ, ಎತ್ತರದವನಿಗೂ ಹೊಂದುತ್ತದೆ. ತೊಡೆಯ ಮೂಳೆ ಇದ್ದಿದ್ದರೆ ದೋಷ 3.27ಕ್ಕೆ ಇಳಿಯುತ್ತಿತ್ತು. ಅದು ಇರಲಿಲ್ಲ. ತುದಿ ಸವೆದಿದ್ದರೆ ಅಥವಾ ಮುರಿದಿದ್ದರೆ ಮೊದಲು ಮೂಳೆಯ ಉದ್ದವನ್ನೇ ಅಂದಾಜು ಮಾಡಬೇಕು. ಆಗ ಅಂದಾಜಿನ ಮೇಲೆ ಅಂದಾಜು.

ವಯಸ್ಸಿನದ್ದು ಇನ್ನೂ ಸಡಿಲ. ಸೊಂಟದ ಎರಡು ಮೂಳೆಗಳು ಮುಂದೆ ಕೂಡುವ ಜಾಗದ ಮೇಲ್ಮೈ ವಯಸ್ಸಿನೊಂದಿಗೆ ಬದಲಾಗುತ್ತದೆ. ಯೌವನದಲ್ಲಿ ಅದು ಉಬ್ಬುತಗ್ಗಾಗಿರುತ್ತದೆ, ಆಮೇಲೆ ಸಪಾಟಾಗಿ ಅಂಚುಗಟ್ಟುತ್ತದೆ. ಈಗ ಬಳಸುವ ಸೂಚಿ-ಬ್ರೂಕ್ಸ್ ಪಟ್ಟಿಯಲ್ಲಿ ಪುರುಷರ ಮೂರನೆಯ ಹಂತದ ವ್ಯಾಪ್ತಿ 21ರಿಂದ 46 ವರ್ಷ, ನಾಲ್ಕನೆಯದು 23ರಿಂದ 57. ಇಪ್ಪತ್ತನಾಲ್ಕರ ಯುವಕ ಎರಡೂ ಹಂತದೊಳಗೆ ಬರುತ್ತಾನೆ. ಹಂತದ ನಡುವಿನ ಅಂಕಿಯನ್ನು ಹಿಡಿದು ‘ಮೂವತ್ತು ದಾಟಿದವನು’ ಎಂದು ಬರೆದರೆ ಓದುವ ಅಧಿಕಾರಿಗೆ ಅದು ಸತ್ಯದಂತೆ ಕಾಣುತ್ತದೆ, ವ್ಯಾಪ್ತಿ ಕಾಣುವುದಿಲ್ಲ.

ಹಳೆಯ ಕೂದಲು, ಎಲುಬುಗಳಿಂದ ರಕ್ತದ ಗುಂಪು ತೆಗೆಯುವುದಂತೂ ಆ ಕಾಲಕ್ಕೂ ಅನುಮಾನದ್ದೇ. ಮಣ್ಣಿನ ಬ್ಯಾಕ್ಟೀರಿಯಾಗಳು ಗುಂಪಿನ ಗುರುತುಗಳನ್ನು ತಿಂದುಹಾಕುತ್ತವೆ, ಕೆಲವು ತಮ್ಮದೇ ಗುರುತನ್ನು ಸೇರಿಸುತ್ತವೆ. ಇದ್ದ ಗುರುತು ಹೋದರೆ ಯಾವ ಗುಂಪಾದರೂ ‘ಓ’ ಎಂದೇ ಓದಿಕೊಳ್ಳುತ್ತದೆ.

ಈ ಮೂರೂ ಅಂದಾಜುಗಳು ಒಂದೇ ದಿಕ್ಕಿಗೆ ಬೊಟ್ಟು ಮಾಡಿದವು. ಸಡಿಲವಾದ ಮೂರು ಸಾಕ್ಷ್ಯ ಸೇರಿದರೆ ಒಂದು ಗಟ್ಟಿ ಸಾಕ್ಷ್ಯವಾಗುತ್ತದೆ ಎಂಬ ಭ್ರಮೆ ಹುಟ್ಟುವುದು ಇಂಥಲ್ಲೇ. ಮೇಜಿನ ಇನ್ನೊಂದು ತುದಿಯಲ್ಲಿ ತೇಲುದೋಣಿ ಇತ್ತು, ಪ್ಯಾರಾಚೂಟ್ ಇತ್ತು. ಎ-37 ವಿಮಾನದ ಪೈಲಟ್ ಕೂರುವುದು ತುರ್ತಿನಲ್ಲಿ ಹೊರಚಿಮ್ಮುವ ಆಸನದ ಮೇಲೆ. ಪ್ಯಾರಾಚೂಟೂ ಒಬ್ಬರ ತೇಲುದೋಣಿಯೂ ಆ ಸಲಕರಣೆಯ ಭಾಗ. ಕೋಬ್ರಾ ಹೆಲಿಕಾಪ್ಟರಿನಲ್ಲಿ ಅವೆರಡೂ ಇರುವುದಿಲ್ಲ, ಅದರಿಂದ ಹಾರಿಕೊಳ್ಳುವ ಪ್ರಶ್ನೆಯೇ ಇಲ್ಲ. ಎತ್ತರದ ಲೆಕ್ಕ ಏನೇ ಹೇಳಲಿ, ಹೆಲಿಕಾಪ್ಟರಿನ ಪೈಲಟ್ ತೇಲುದೋಣಿಯ ಪಕ್ಕದಲ್ಲಿ ಸಿಗಬೇಕಾದರೆ ಅದಕ್ಕೆ ಬೇರೊಂದು ಕಥೆ ಬೇಕಾಗುತ್ತದೆ. ಆ ಕಥೆಯನ್ನು ಯಾರೂ ಕೇಳಲಿಲ್ಲ. ಎಲುಬು ನೋಡುವವರು ಎಲುಬು ನೋಡಿದರು, ಅಷ್ಟೇ.

1980ರಲ್ಲಿ ಸೇನೆಯ ಸಮಾಧಿ ದಾಖಲೆಗಳ ಮಂಡಳಿ ಪ್ರಯೋಗಾಲಯದ ಶಿಫಾರಸನ್ನು ಒಪ್ಪಿತು. ಬ್ಲಾಸಿ ಹೆಸರು ತೆಗೆದು ‘ಎಕ್ಸ್-26’ ಎಂದಾಯಿತು. ಗುರುತಿಲ್ಲದವರಿಗೆ ಎಕ್ಸ್ ಹಾಕಿ ಸಂಖ್ಯೆ ಕೊಡುವುದು ಎರಡನೆಯ ಮಹಾಯುದ್ಧದಿಂದ ಬಂದ ಪದ್ಧತಿ. ಸಂಖ್ಯೆ ಕೊಡುವುದರಲ್ಲಿ ದೋಷವಿಲ್ಲ. ತಾತ್ಕಾಲಿಕ ಹೆಸರು ತೆಗೆಯುವಾಗ ‘ಇವರಲ್ಲ’ ಎಂದು ಸಾಬೀತಾಗಿರಬೇಕು, ‘ಇವರೆಂದು ಸಾಬೀತಾಗಿಲ್ಲ’ ಎಂಬುದಷ್ಟೇ ಸಾಲದು. ಕಡತದಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ.

ಇದೇ ಪ್ರಯೋಗಾಲಯ ಕೆಲವೇ ವರ್ಷಗಳಲ್ಲಿ ತದ್ವಿರುದ್ಧ ತಪ್ಪನ್ನೂ ಮಾಡಿತು. 1985ರಲ್ಲಿ ಲಾವೋಸಿನ ಪಾಕ್ಸೆ ಬಳಿ ಎಸಿ-130 ವಿಮಾನವೊಂದು ಬಿದ್ದಿದ್ದ ಜಾಗ ಅಗೆದು, ಸಿಕ್ಕ ಸಣ್ಣ ಚೂರುಗಳಿಂದ ಅದರ ಸಿಬ್ಬಂದಿಯಲ್ಲಿ ಕಾಣೆಯಾಗಿದ್ದ 13 ಮಂದಿಗೂ ಹೆಸರು ಕೊಟ್ಟಿತು. ಕುಟುಂಬವೊಂದು ಪ್ರಶ್ನಿಸಿತು, ಹೊರಗಿನ ತಜ್ಞರು ಬಂದು ನೋಡಿ ವಿಧಾನವನ್ನೇ ಟೀಕಿಸಿದರು, ಎರಡು ಗುರುತನ್ನು ಹಿಂದಕ್ಕೆ ಪಡೆಯಬೇಕಾಯಿತು. ಬ್ಲಾಸಿ ಹೆಸರು ಕಳೆದುಕೊಂಡದ್ದೂ, ಪಾಕ್ಸೆಯ ಚೂರುಗಳಿಗೆ ಹೆಸರು ಬಂದದ್ದೂ ಒಂದೇ ಕಾರಣಕ್ಕೆ. ಎಲುಬು ಹೇಳಬಲ್ಲದ್ದಕ್ಕಿಂತ ಹೆಚ್ಚನ್ನು ಅದರಿಂದ ಹೇಳಿಸಿದ್ದರು.

ಗೋರಿಗೆ ಒಬ್ಬರು ಬೇಕಿತ್ತು

1973ರ ಜೂನ್‌ನಲ್ಲಿ ಅಮೆರಿಕದ ಸಂಸತ್ತು ವಿಯೆಟ್ನಾಮ್ ಯುದ್ಧದ ಅನಾಮಿಕ ಯೋಧನನ್ನು ಆರ್ಲಿಂಗ್ಟನ್‌ನಲ್ಲಿ ಮಣ್ಣು ಮಾಡಲು ಕಾನೂನು ಮಾಡಿತ್ತು. ಗೋರಿಯ ಜಾಗ ಸಿದ್ಧವಾಯಿತು, ಒಳಗಿಡಲು ಅನಾಮಿಕ ಸಿಗಲಿಲ್ಲ. ಹೆಲಿಕಾಪ್ಟರಿನಿಂದ ಬೇಗ ಶವ ತರುವ ವ್ಯವಸ್ಥೆ, ಒಳ್ಳೆಯ ದಂತ ದಾಖಲೆ ಇದ್ದುದರಿಂದ ಈ ಯುದ್ಧದಲ್ಲಿ ಹೆಸರಿಲ್ಲದೆ ಉಳಿದ ಅವಶೇಷ ಬೆರಳೆಣಿಕೆಯಷ್ಟು. ಹತ್ತು ವರ್ಷ ಖಾಲಿ ಉಳಿದ ಗೋರಿ ನಿವೃತ್ತ ಯೋಧರಿಗೆ ಅವಮಾನವಾಗಿ ಕಂಡಿತು. ಅವರ ನೋವು ಸುಳ್ಳಲ್ಲ. ಒತ್ತಡ ಬಂದಾಗ ಕೈಗೆ ಸಿಕ್ಕಿದ್ದು ಎಕ್ಸ್-26.

1984ರ ಮೇ 17ರಂದು ಪರ್ಲ್ ಹಾರ್ಬರಿನಲ್ಲಿ ಇದೇ ಅನಾಮಿಕ ಯೋಧ ಎಂದು ವಿಧಿಪೂರ್ವಕ ನೇಮಕ ಮಾಡಿದರು. ಯುಎಸ್‌ಎಸ್ ಬ್ರೂಟನ್ ಹಡಗು ಪೆಟ್ಟಿಗೆಯನ್ನು ಕ್ಯಾಲಿಫೋರ್ನಿಯಾಕ್ಕೆ ಒಯ್ಯಿತು, ಅಲ್ಲಿಂದ ವಿಮಾನದಲ್ಲಿ ರಾಜಧಾನಿಗೆ. ಮೂರು ದಿನ ಸಂಸತ್ ಭವನದ ಗುಮ್ಮಟದಡಿ ಜನ ಸಾಲಾಗಿ ಬಂದು ನಮಿಸಿದರು. ಮೇ 28ರಂದು ಅಧ್ಯಕ್ಷ ರೊನಾಲ್ಡ್ ರೇಗನ್ ಅತ್ಯುನ್ನತ ಶೌರ್ಯ ಪದಕವಾದ ಮೆಡಲ್ ಆಫ್ ಆನರ್ ಅರ್ಪಿಸಿದರು.

ಒಂದು ಕೆಲಸ ಮಾತ್ರ ಸರಿಯಾಗಿ ಆಗಿತ್ತು. ಪ್ರಯೋಗಾಲಯದಲ್ಲಿ ಉಳಿದಿದ್ದ ವಸ್ತುಗಳನ್ನು, ತೇಲುದೋಣಿ ಸಮೇತ, ಪೆಟ್ಟಿಗೆಯೊಳಗೆ ಎಲುಬಿನ ಜತೆಗೇ ಇಟ್ಟಿದ್ದರು. ಉಗ್ರಾಣದ ಕಪಾಟಿನಲ್ಲಿ ಉಳಿದಿದ್ದರೆ ಅವು ಎಲ್ಲಿ ಹೋಗುತ್ತಿದ್ದವೋ.

ತೆರೆದದ್ದು

1994ರಲ್ಲಿ ವಿಯೆಟ್ನಾಮ್ ಯುದ್ಧದ ನಿವೃತ್ತ ಯೋಧರೊಬ್ಬರು ಸಾರ್ವಜನಿಕವಾಗಿ ಸಿಗುವ ದಾಖಲೆಗಳನ್ನೇ ಇಟ್ಟುಕೊಂಡು ತಮ್ಮ ಪತ್ರಿಕೆಯಲ್ಲಿ ಬರೆದರು: ಆ ಗೋರಿಯಲ್ಲಿರುವುದು ಬ್ಲಾಸಿ. ಅವರ ತರ್ಕದ ತಿರುಳು ಸಿಕ್ಕ ಜಾಗ, ದಿನಾಂಕ ಮತ್ತು ತೇಲುದೋಣಿ. ಮನೆಯವರಿಗೆ ವಿಷಯ ತಲುಪಿದ್ದೇ ಹೀಗೆ. 1998ರ ಜನವರಿಯಲ್ಲಿ ಸಿಬಿಎಸ್ ಸುದ್ದಿವಾಹಿನಿ ದಾಖಲೆಗಳೊಂದಿಗೆ ವರದಿ ಮಾಡಿತು. ಕುಟುಂಬ ಗೋರಿ ತೆರೆಯಿರಿ ಎಂದು ಕೇಳಿತು.

ರಕ್ಷಣಾ ಇಲಾಖೆಯ ಉನ್ನತ ಸಮಿತಿ ಕಡತಗಳನ್ನು ಮತ್ತೆ ಓದಿ, ಆ ಪ್ರದೇಶದಲ್ಲಿ ಮಡಿದು ಶವ ಸಿಗದ ಒಂಬತ್ತು ಮಂದಿಯ ಪಟ್ಟಿ ಮಾಡಿತು. ಮುಂದೆ ನಡೆದ ಇಡೀ ಡಿಎನ್‌ಎ ಪರೀಕ್ಷೆಗೆ ಈ ಪಟ್ಟಿಯೇ ಅಡಿಪಾಯ. ಮೈಟೊಕಾಂಡ್ರಿಯಾದ (ಜೀವಕೋಶದೊಳಗೆ ಶಕ್ತಿ ತಯಾರಿಸುವ ಪುಟ್ಟ ಘಟಕದ) ಡಿಎನ್‌ಎ ಯಾರ ಹೆಸರನ್ನೂ ತಾನಾಗಿ ಹೇಳುವುದಿಲ್ಲ. ಅದು ತಾಯಿಯಿಂದ ಮಾತ್ರ ಬರುತ್ತದೆ, ಹಾಗಾಗಿ ಒಂದೇ ತಾಯಿವಂಶದವರೆಲ್ಲರಲ್ಲೂ ಒಂದೇ. ಕೆಲವು ಬಗೆಗಳು ಲಕ್ಷಾಂತರ ಜನರಲ್ಲಿ ಸಿಗುತ್ತವೆ. ‘ಈ ಒಂಬತ್ತರಲ್ಲಿ ಯಾರು’ ಎಂದು ಕೇಳಿದರೆ ಅದು ಗಟ್ಟಿ ಉತ್ತರ ಕೊಡುತ್ತದೆ, ‘ಜಗತ್ತಿನಲ್ಲಿ ಯಾರು’ ಎಂದರೆ ಕೊಡುವುದಿಲ್ಲ.

ಹಳೆಯ ಎಲುಬಿಗೆ ಇದನ್ನೇ ಆರಿಸಲು ಕಾರಣ ಅದರ ಸಂಖ್ಯೆ. ಜೀವಕೋಶದ ಬೀಜಕೇಂದ್ರದಲ್ಲಿರುವ ಡಿಎನ್‌ಎ ಎರಡೇ ಪ್ರತಿ, ಮೈಟೊಕಾಂಡ್ರಿಯಾದ್ದು ನೂರಾರು, ಸಾವಿರಾರು. ಮಣ್ಣು ತೇವ ಸೇರಿ ಬಹುಪಾಲನ್ನು ಚೂರು ಮಾಡಿದರೂ ಓದಲು ಸಾಕಷ್ಟು ಉಳಿದಿರುತ್ತದೆ. ಅದರ ಪೂರ್ತಿ ಉದ್ದ 16,569 ಅಕ್ಷರ. ಆಗ ಓದುತ್ತಿದ್ದುದು ಜನರಿಂದ ಜನರಿಗೆ ಹೆಚ್ಚು ಬದಲಾಗುವ ಎರಡು ತುಂಡು, ಒಟ್ಟು ಆರುನೂರರಷ್ಟು ಅಕ್ಷರ. ಎಲುಬಿನ ಹೊರಮೈಯನ್ನು ಮೊದಲು ಉಜ್ಜಿ ತೆಗೆಯಬೇಕು, ಏಕೆಂದರೆ ಮುಟ್ಟಿದವರ ಬೆವರೂ ಡಿಎನ್‌ಎಯೇ. ಆಮೇಲೆ ತೊಳೆದು, ಒಣಗಿಸಿ, ಪುಡಿ ಮಾಡಿ, ಬೇರೆ ಬೇರೆ ಸಲ ತೆಗೆದ ಮಾದರಿಗಳಲ್ಲಿ ಒಂದೇ ಫಲ ಬಂದರೆ ಮಾತ್ರ ಒಪ್ಪಬೇಕು. ಪ್ರಯೋಗಾಲಯದ ಸಿಬ್ಬಂದಿಯ ಡಿಎನ್‌ಎಯೂ ಕಡತದಲ್ಲಿರಬೇಕು, ಅದರೊಂದಿಗೆ ತಾಳೆಯಾದರೆ ಮಾದರಿ ಕೆಟ್ಟಿದೆ ಎಂದರ್ಥ.

ಕುಟುಂಬದ ಕಡೆಯಿಂದ ಯಾರ ಮಾದರಿ ಬೇಕು ಎಂಬುದರಲ್ಲಿ ಜನ ಇಂದಿಗೂ ಎಡವುತ್ತಾರೆ. ಮಡಿದ ಪೈಲಟ್‌ನ ಮಗನದ್ದಾಗಲಿ ಮಗಳದ್ದಾಗಲಿ ಈ ಪರೀಕ್ಷೆಗೆ ಬರುವುದಿಲ್ಲ, ಅವರದು ಅವರ ತಾಯಿಯದು. ಬೇಕಾದ್ದು ತಾಯಿ, ಒಡಹುಟ್ಟಿದವರು, ಅಕ್ಕತಂಗಿಯರ ಮಕ್ಕಳು, ತಾಯಿಯ ಒಡಹುಟ್ಟಿದವರು. ಅಣ್ಣತಮ್ಮಂದಿರ ಮಾದರಿ ಸಲ್ಲುತ್ತದೆ, ಅವರ ಮಕ್ಕಳದು ಸಲ್ಲುವುದಿಲ್ಲ. ಬ್ಲಾಸಿ ಅವರ ತಾಯಿ, ಸೋದರಿ ಇಬ್ಬರೂ ಇದ್ದರು, ಅದು ದೊಡ್ಡ ಅನುಕೂಲ.

ರಕ್ಷಣಾ ಕಾರ್ಯದರ್ಶಿ ವಿಲಿಯಂ ಕೋಹೆನ್ ಮೇ ತಿಂಗಳಲ್ಲಿ ಒಪ್ಪಿಗೆ ಕೊಟ್ಟರು. 1998ರ ಮೇ 14ರಂದು ಪೆಟ್ಟಿಗೆ ಹೊರಬಂತು. ಜೂನ್ 30ರಂದು ಫಲ ಪ್ರಕಟವಾಯಿತು: ಬ್ಲಾಸಿ. ಜುಲೈ 11ರಂದು ಸೇಂಟ್ ಲೂಯಿಸ್‌ನ ಜೆಫರ್ಸನ್ ಬ್ಯಾರಕ್ಸ್ ರಾಷ್ಟ್ರೀಯ ಸ್ಮಶಾನದಲ್ಲಿ ಅವರ ಹೆಸರಿನ ಕಲ್ಲಿನ ಕೆಳಗೆ ಮಣ್ಣು ಮಾಡಿದರು. ಮೆಡಲ್ ಆಫ್ ಆನರ್ ಅವರ ಜತೆ ಹೋಗಲಿಲ್ಲ. ಅದನ್ನು ಕೊಟ್ಟದ್ದು ವ್ಯಕ್ತಿಗಲ್ಲ, ಅನಾಮಿಕ ಯೋಧನ ಸ್ಥಾನಕ್ಕೆ ಎಂಬುದು ಇಲಾಖೆಯ ನಿಲುವು. ನಿಯಮದ ಮಾತಿನಲ್ಲಿ ಸರಿ. ಅವರ ಸ್ವಂತ ಸಿಲ್ವರ್ ಸ್ಟಾರ್ ಪದಕ ಅವರದೇ ಆಗಿ ಉಳಿಯಿತು.

ಆರ್ಲಿಂಗ್ಟನ್‌ನ ಗೋರಿಯಲ್ಲಿ ಮತ್ತೊಬ್ಬರನ್ನು ಇಡಬಾರದು ಎಂದು ತೀರ್ಮಾನವಾಯಿತು. 1999ರ ಸೆಪ್ಟೆಂಬರ್ 17ರಂದು, ಕಾಣೆಯಾದ ಯೋಧರಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳುವುದಾಗಿ ಕೆತ್ತಿದ ಹೊಸ ಕಲ್ಲನ್ನು ಖಾಲಿ ಗೋರಿಯ ಮೇಲೆ ಮುಚ್ಚಿದರು.

ನಂತರದ ನಿಯಮ

ಅನಾಮಿಕ ಗೋರಿಯನ್ನು ಯಾವಾಗ ತೆರೆಯಬಹುದು ಎಂಬುದಕ್ಕೆ ಈಗ ಅಳತೆ ಇದೆ. 2015ರ ನೀತಿಯ ಪ್ರಕಾರ, ಒಂಟಿ ಅವಶೇಷವಾದರೆ ಗುರುತು ಸಿಗುವ ಸಾಧ್ಯತೆ ನೂರಕ್ಕೆ 50ರಷ್ಟಾದರೂ ಇರಬೇಕು. ಹಲವರ ಎಲುಬು ಬೆರೆತ ಗೋರಿಯಾದರೆ, ಸಂಬಂಧಪಟ್ಟ ಯೋಧರಲ್ಲಿ ನೂರಕ್ಕೆ 60 ಮಂದಿಯನ್ನಾದರೂ ಗುರುತಿಸಲು ಆಗುವಂತಿರಬೇಕು. ಬೆರೆತ ಗೋರಿಗಳಲ್ಲಿ ತಡವಾಗುವುದು ಹೆಚ್ಚಾಗಿ ಕುಟುಂಬದ ಮಾದರಿ ಸಿಗದೆ. ತಾಯಿವಂಶದ ಕೊನೆಯವರು ತೀರಿಕೊಂಡರೆ ಎಲುಬು ಎಷ್ಟು ಚೆನ್ನಾಗಿದ್ದರೂ ಈ ಪರೀಕ್ಷೆಯಲ್ಲಿ ಹೋಲಿಸಲು ಏನೂ ಇರುವುದಿಲ್ಲ.

ಇನ್ನೊಂದು ಬದಲಾವಣೆಗೆ ಹೊರಗೆ ಅಷ್ಟು ಪ್ರಚಾರ ಸಿಗಲಿಲ್ಲ, ಈ ಪ್ರಕರಣಕ್ಕೆ ಅದೇ ಹತ್ತಿರ. ಆಸನ, ಕಟ್ಟುಪಟ್ಟಿ, ಪ್ಯಾರಾಚೂಟ್, ತೇಲುದೋಣಿ, ಜಿಪ್ಪು, ಬೂಟಿನ ಅಟ್ಟೆಗಳನ್ನು ಓದುವ ವಾಯುಪಡೆಯ ಪ್ರಯೋಗಾಲಯ ಬಹುಕಾಲ ಎಲುಬಿನ ಪ್ರಯೋಗಾಲಯದಿಂದ ಬೇರೆಯೇ ಇತ್ತು. 2015ರಲ್ಲಿ ಎರಡೂ ಒಂದೇ ಸಂಸ್ಥೆಯಡಿ ಬಂದವು. ಹೊರಚಿಮ್ಮಿದಾಗ ಪೈಲಟ್ ಆಸನದಲ್ಲಿದ್ದನೇ, ಕಟ್ಟುಪಟ್ಟಿ ಹರಿದದ್ದೇ ಕತ್ತರಿಸಿದ್ದೇ, ಬಟ್ಟೆ ಸುಟ್ಟದ್ದು ಬೀಳುವ ಮೊದಲೇ ಆಮೇಲೇ ಎಂಬುದನ್ನು ಹೇಳಬಲ್ಲವರು ಈಗ ಎಲುಬು ಅಳೆಯುವವರ ಜತೆಗೇ ಕೆಲಸ ಮಾಡುತ್ತಾರೆ. 1978ರ ಮೇಜಿನ ಬಳಿ ಬೇಕಾಗಿದ್ದವರು ಇವರೇ.

ಜೂನ್ 30ರ ಪ್ರಕಟಣೆಗೆ ಇನ್ನೊಂದು ಮುಖವೂ ಇತ್ತು. ಪಟ್ಟಿಯಲ್ಲಿದ್ದ ಉಳಿದ ಎಂಟು ಮನೆಗಳಿಗೆ ಅದು ‘ನಿಮ್ಮವರಲ್ಲ’ ಎಂಬ ಉತ್ತರ. ಎಲುಬಿನ ಅಳತೆ ತನಗೆ ಹೊಂದುತ್ತದೆ ಎಂದು ಎರಡು ದಶಕ ಕಡತದಲ್ಲಿ ಉಳಿದಿದ್ದ ಆ ಕೋಬ್ರಾ ಪೈಲಟ್‌ನ ಹುಡುಕಾಟ ಅಂದಿನಿಂದ ಮತ್ತೆ ಆನ್ ಲೊಕ್‌ನ ನೆಲದಿಂದಲೇ ಶುರುವಾಗಬೇಕಾಯಿತು.